ಮಗು ಹುಟ್ಟಿತು, ಹೆರಿಗೆ ಇನ್ನೂ ಮುಗಿದಿಲ್ಲ

ಹೆರಿಗೆ ಕೋಣೆಯ ಬಾಗಿಲಾಚೆ ಬೆಂಚಿನ ಮೇಲೆ ಕಾದು ಕುಳಿತವರನ್ನು ನೀವು ನೋಡಿರುತ್ತೀರಿ. ನೀವೇ ಹಾಗೆ ಕುಳಿತಿರಲೂಬಹುದು. ಒಳಗಿನಿಂದ ಕೂಸಿನ ಅಳು ಕೇಳಿದೊಡನೆ ಅಜ್ಜಿ ದೇವರಿಗೆ ಕೈ ಮುಗಿಯುತ್ತಾರೆ. ಮಗುವಿನ ತಂದೆ ಸಿಹಿ ತರಲು ಅಂಗಡಿಗೆ ಹೊರಡುತ್ತಾನೆ. ಗಂಡೋ ಹೆಣ್ಣೋ, ತೂಕ ಎಷ್ಟು, ಯಾರ ಹೋಲಿಕೆ ಎಂಬ ಮಾತುಗಳು ಶುರುವಾಗುತ್ತವೆ. 'ಅಂತೂ ಹೆರಿಗೆ ಆಯಿತು' ಎಂದು ಎಲ್ಲರಿಗೂ ನಿರಾಳ.

ಒಳಗಿರುವ ವೈದ್ಯರಿಗೆ, ದಾದಿಯರಿಗೆ ಮಾತ್ರ ಇನ್ನೂ ನಿರಾಳವಿಲ್ಲ. ಅವರ ಲೆಕ್ಕದಲ್ಲಿ ಹೆರಿಗೆಗೆ ಮೂರು ಹಂತಗಳು. ನೋವು ಶುರುವಾಗಿ ಗರ್ಭಕೋಶದ ಬಾಯಿ ಪೂರ್ತಿ ತೆರೆಯುವವರೆಗೆ ಮೊದಲನೆಯದು. ಮಗು ಹೊರಬರುವುದು ಎರಡನೆಯದು. ಮಾಸು ಹೊರಬೀಳುವುದು ಮೂರನೆಯದು. ಮೂರರಲ್ಲಿ ಇದೇ ಅತಿ ಚಿಕ್ಕದು, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ಆದರೆ ತಾಯಿಯ ಜೀವಕ್ಕೆ ದೊಡ್ಡ ಗಂಡಾಂತರ ಕಾದಿರುವುದು ಈ ಅರ್ಧ ಗಂಟೆಯಲ್ಲಿ ಮತ್ತು ಅದರ ನಂತರದ ಕೆಲವು ಗಂಟೆಗಳಲ್ಲಿ. ಮಗುವಿನ ಮಟ್ಟಿಗೆ, ಹೊಕ್ಕುಳಲ್ಲಿ ಉಳಿದ ಬಳ್ಳಿಯ ತುಂಡು ಒಣಗಿ ಬೀಳುವ ಒಂದೆರಡು ವಾರ ಎಚ್ಚರಿಕೆಯ ಕಾಲ.

ಒಂಬತ್ತು ತಿಂಗಳು ಮಗುವನ್ನು ಸಾಕಿದ ಬಳ್ಳಿಗೂ ಮಾಸಿಗೂ ಹೆರಿಗೆಯ ನಂತರ ಏನಾಗುತ್ತದೆ, ಆಗ ನಾವು ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಈ ವಾರ ತಿಳಿಯೋಣ.

ಬಳ್ಳಿ ಮತ್ತು ಬೇರು

ವೈದ್ಯರ ಪುಸ್ತಕಗಳಲ್ಲಿ ಜರಾಯು ಎಂದು ಕರೆಯುವುದನ್ನೇ ನಮ್ಮ ಹೆಂಗಸರು ಮಾಸು ಎನ್ನುತ್ತಾರೆ, ಕೆಲವೆಡೆ ಕಸ ಎನ್ನುತ್ತಾರೆ. ಕಸ ಎಂಬ ಹೆಸರು ಅದಕ್ಕೆ ಅನ್ಯಾಯವೇ ಸರಿ. ಗರ್ಭದಲ್ಲಿರುವ ಮಗುವಿಗೆ ಶ್ವಾಸಕೋಶ, ಜಠರ, ಮೂತ್ರಪಿಂಡ ಇವೆಲ್ಲವುಗಳ ಕೆಲಸವನ್ನು ಮಾಡಿಕೊಡುವುದು ಈ ಒಂದೇ ಅಂಗ. ದಿನ ತುಂಬಿದಾಗ ಇದು ಒಂದು ತಟ್ಟೆಯ ಆಕಾರದಲ್ಲಿರುತ್ತದೆ. ಅಗಲ ಸುಮಾರು 20 ಸೆಂಟಿಮೀಟರ್, ದಪ್ಪ ಎರಡರಿಂದ ಎರಡೂವರೆ ಸೆಂಟಿಮೀಟರ್, ತೂಕ ಸುಮಾರು ಅರ್ಧ ಕಿಲೋ. ಅಂದರೆ ಮಗುವಿನ ತೂಕದ ಆರನೆಯ ಒಂದು ಭಾಗ.

ಮಾಸಿನ ಒಂದು ಮುಖ ತಾಯಿಯ ಗರ್ಭಕೋಶದ ಗೋಡೆಗೆ ಅಂಟಿಕೊಂಡಿರುತ್ತದೆ. ಗಿಡದ ಬೇರಿನ ಎಳೆಗಳಂತೆ ಸಾವಿರಾರು ಎಳೆಗಳು ಅಲ್ಲಿ ತಾಯಿಯ ರಕ್ತದಲ್ಲಿ ಮುಳುಗಿರುತ್ತವೆ. ಎಳೆಗಳ ಒಳಗೆ ಮಗುವಿನ ರಕ್ತ, ಹೊರಗೆ ತಾಯಿಯ ರಕ್ತ. ನಡುವೆ ಬಹಳ ತೆಳುವಾದ ಪೊರೆ. ತಾಯಿ ಮಗುವಿನ ರಕ್ತ ಒಂದೇ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಎರಡು ರಕ್ತಗಳು ಸಾಮಾನ್ಯವಾಗಿ ಬೆರೆಯುವುದಿಲ್ಲ. ಪೊರೆಯ ಮೂಲಕ ಆಮ್ಲಜನಕ, ಆಹಾರದ ಸತ್ವ, ರೋಗನಿರೋಧಕ ವಸ್ತುಗಳು ಮಗುವಿನತ್ತ ದಾಟುತ್ತವೆ. ಮಗುವಿನ ದೇಹದ ಕಲ್ಮಶಗಳು ತಾಯಿಯತ್ತ ಬರುತ್ತವೆ. ತಾಯಿ ಸೇವಿಸಿದ ಮದ್ಯ, ತಂಬಾಕಿನ ವಿಷವೂ ಇದೇ ದಾರಿಯಲ್ಲಿ ಮಗುವನ್ನು ತಲುಪುತ್ತವೆ ಎಂಬುದನ್ನೂ ಮರೆಯಬಾರದು.

ಮಾಸಿನ ಇನ್ನೊಂದು ಮುಖದಿಂದ ಹೊರಟು ಮಗುವಿನ ಹೊಕ್ಕುಳನ್ನು ಸೇರುವುದೇ ಹೊಕ್ಕುಳಬಳ್ಳಿ. ಉದ್ದ ಸುಮಾರು 50ರಿಂದ 60 ಸೆಂಟಿಮೀಟರ್, ದಪ್ಪ ನಮ್ಮ ಬೆರಳಿನಷ್ಟು. ಅದರೊಳಗೆ ಮೂರು ರಕ್ತನಾಳಗಳು. ಒಂದರಲ್ಲಿ ಶುದ್ಧ ರಕ್ತ ಮಗುವಿನತ್ತ ಹರಿದರೆ, ಎರಡರಲ್ಲಿ ಮಲಿನ ರಕ್ತ ಮಾಸಿನತ್ತ ಹಿಂತಿರುಗುತ್ತದೆ. ಮಗು ಹೊರಳಾಡಿದಾಗ ನಾಳಗಳು ಮಡಿಚಿಕೊಳ್ಳದಂತೆ ಸುತ್ತಲೂ ಲೋಳೆಯಂತಹ ಪದಾರ್ಥದ ಮೆತ್ತೆ ಇರುತ್ತದೆ. ಬಳ್ಳಿಯಲ್ಲಿ ನೋವು ತಿಳಿಸುವ ನರಗಳಿಲ್ಲ. ಆದ್ದರಿಂದ ಅದನ್ನು ಕತ್ತರಿಸಿದಾಗ ಮಗುವಿಗಾಗಲೀ ತಾಯಿಗಾಗಲೀ ನೋವಾಗುವುದಿಲ್ಲ.

ಕತ್ತರಿಗೆ ಆತುರ ಬೇಡ

ಮಗು ಹೊರಬಂದು ಅತ್ತ ಕೂಡಲೇ ಅದರ ಶ್ವಾಸಕೋಶ ಅರಳುತ್ತದೆ. ಇದುವರೆಗೆ ಮಾಸಿಗೆ ಹೋಗುತ್ತಿದ್ದ ರಕ್ತ ಈಗ ಶ್ವಾಸಕೋಶಕ್ಕೆ ತಿರುಗುತ್ತದೆ. ಹೊರಗಿನ ತಂಪಿಗೆ ಬಳ್ಳಿಯೊಳಗಿನ ನಾಳಗಳು ಬಿಗಿದುಕೊಳ್ಳುತ್ತವೆ. ಕೆಲವೇ ನಿಮಿಷಗಳಲ್ಲಿ ಬಳ್ಳಿಯ ಮಿಡಿತ ನಿಂತು, ಅದು ಬಿಳಚಿಕೊಂಡು ಸೊರಗುತ್ತದೆ. ನಾವು ಕತ್ತರಿಸದಿದ್ದರೂ ಪ್ರಕೃತಿಯೇ ಆ ದಾರಿಯನ್ನು ಮುಚ್ಚಿಬಿಡುತ್ತದೆ.

ಆದರೆ ಮುಚ್ಚುವ ಮುನ್ನ ಒಂದು ಕೆಲಸ ಬಾಕಿ ಇರುತ್ತದೆ. ಮಗು ಹುಟ್ಟಿದ ಕ್ಷಣದಲ್ಲಿ ಅದರ ಪಾಲಿನ ರಕ್ತದಲ್ಲಿ ಸುಮಾರು ಮೂರನೆಯ ಒಂದು ಭಾಗ ಇನ್ನೂ ಮಾಸಿನಲ್ಲೇ ಇರುತ್ತದೆ. ಬಳ್ಳಿ ಮಿಡಿಯುತ್ತಿರುವಷ್ಟು ಹೊತ್ತು ಆ ರಕ್ತ ಮಗುವಿಗೆ ಸಂದಾಯವಾಗುತ್ತಿರುತ್ತದೆ. ಮೊದಲ ಒಂದು ನಿಮಿಷದಲ್ಲಿ ಸುಮಾರು 80 ಮಿಲಿ ಲೀಟರ್, ಮೂರು ನಿಮಿಷದಲ್ಲಿ ಸುಮಾರು 100 ಮಿಲಿ ಲೀಟರ್. ನಮಗೆ ಇದು ಅರ್ಧ ಲೋಟವಾದರೂ ಮೂರು ಕಿಲೋ ತೂಗುವ ಕೂಸಿಗೆ ಸಣ್ಣ ಮೊತ್ತವಲ್ಲ. ಈ ರಕ್ತದಲ್ಲಿರುವ ಕಬ್ಬಿಣದ ಅಂಶ ಮಗುವಿಗೆ ಮುಂದಿನ ಹಲವು ತಿಂಗಳ ಬುತ್ತಿ.

ಹಿಂದೆ ಆಸ್ಪತ್ರೆಗಳಲ್ಲಿ ಮಗು ಹೊರಬಂದ ಕೆಲವೇ ಸೆಕೆಂಡುಗಳಲ್ಲಿ ಬಳ್ಳಿಗೆ ಚಿಮುಟ ಹಾಕಿ ಕತ್ತರಿಸುವ ರೂಢಿ ಇತ್ತು. ಈ ಆತುರ ಮಗುವಿಗೆ ಒಳ್ಳೆಯದಲ್ಲ ಎಂದು ಇಂಗ್ಲೆಂಡಿನ ವೈದ್ಯ ಎರಾಸ್ಮಸ್ ಡಾರ್ವಿನ್ 1801ರಷ್ಟು ಹಿಂದೆಯೇ ಎಚ್ಚರಿಸಿದ್ದ. ವಿಕಾಸವಾದದ ಚಾರ್ಲ್ಸ್ ಡಾರ್ವಿನ್‌ನ ತಾತ ಈತ. ಇಷ್ಟು ತಡವಾಗಿಯಾದರೂ ವೈದ್ಯಲೋಕ ಆ ಮಾತಿಗೆ ಕಿವಿಗೊಟ್ಟಿದೆ. ಬಳ್ಳಿಯನ್ನು ಒಂದು ನಿಮಿಷಕ್ಕಿಂತ ಮೊದಲು ಕತ್ತರಿಸಬಾರದು, ಒಂದರಿಂದ ಮೂರು ನಿಮಿಷ ಕಾಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 67 ಮಂದಿಗೆ ರಕ್ತಹೀನತೆ ಇದೆ. ಅಂಥ ದೇಶದಲ್ಲಿ ಕಾಸು ಖರ್ಚಿಲ್ಲದೆ ದೊರೆಯುವ ಈ ಕಬ್ಬಿಣವನ್ನು ಮಾಸಿನೊಂದಿಗೆ ಮಣ್ಣು ಮಾಡುವುದು ಸರಿಯೇ?

ಕಾಯುವಾಗ ಮಗುವನ್ನು ಒರೆಸಿ, ತಾಯಿಯ ಎದೆಯ ಮೇಲೆ ಮಲಗಿಸಿ, ಬೆಚ್ಚಗೆ ಹೊದಿಸಬಹುದು. ಹೀಗೆ ಕಾದ ಮಕ್ಕಳಲ್ಲಿ ಕೆಲವರಿಗೆ ಕಾಮಾಲೆ ತುಸು ಹೆಚ್ಚು ಕಾಣಿಸಿಕೊಳ್ಳಬಹುದು. ವೈದ್ಯರು ಅದರ ಮೇಲೆ ನಿಗಾ ಇಡುತ್ತಾರೆ. ಮಗು ಉಸಿರಾಡದೆ ಇದ್ದರೆ ಮಾತ್ರ ಲೆಕ್ಕ ಬೇರೆ. ಒರೆಸಿ, ಬೆನ್ನು ತೀಡಿದರೂ ಅದು ಉಸಿರೆಳೆದುಕೊಳ್ಳದಿದ್ದರೆ ಬಳ್ಳಿ ಕತ್ತರಿಸಿ ಕೃತಕ ಉಸಿರು ಕೊಡಲೇಬೇಕಾಗಬಹುದು. ಆ ತೀರ್ಮಾನವನ್ನು ವೈದ್ಯರಿಗೇ ಬಿಡಿ.

ಮಾಸು ಬೀಳುವ ಅರ್ಧ ಗಂಟೆ

ಈಗ ತಾಯಿಯತ್ತ ನೋಡೋಣ. ಮಗು ಹೊರಬಂದೊಡನೆ ಗರ್ಭಕೋಶ ಗಾಳಿ ಬಿಟ್ಟ ಬಲೂನಿನಂತೆ ಕುಗ್ಗುತ್ತದೆ. ಅದರ ಗೋಡೆ ಕುಗ್ಗಿದರೂ ಗೋಡೆಗೆ ಅಂಟಿದ ಮಾಸು ಅಷ್ಟಾಗಿ ಕುಗ್ಗಲಾರದು. ಆದ್ದರಿಂದ ಅದು ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಒಮ್ಮೆಲೇ ಸ್ವಲ್ಪ ರಕ್ತ ಬರುವುದು, ಹೊರಗೆ ಕಾಣುವ ಬಳ್ಳಿ ಉದ್ದವಾಗುವುದು, ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಕೋಶ ಚೆಂಡಿನಂತೆ ಗುಂಡಾಗಿ ಗಟ್ಟಿಯಾಗಿ ಸಿಗುವುದು, ಇವು ಮಾಸು ಬಿಟ್ಟುಕೊಂಡ ಗುರುತುಗಳು.

ಮಾಸು ಅಂಟಿದ್ದ ಜಾಗದಲ್ಲಿ ಅಂಗೈಯಗಲದ ಹಸಿ ಗಾಯ ಉಳಿಯುತ್ತದೆ. ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಆ ನಾಳಗಳ ಬಾಯಿಗಳೆಲ್ಲ ಈಗ ತೆರೆದುಕೊಂಡಿವೆ. ಅವನ್ನು ಮುಚ್ಚುವವರು ಯಾರು? ಗರ್ಭಕೋಶದ ಸ್ನಾಯುಗಳೇ. ಹೆಣೆದ ಚಾಪೆಯಂತೆ ಅಡ್ಡಡ್ಡ ಹಾಯ್ದಿರುವ ಸ್ನಾಯುವಿನ ಎಳೆಗಳು ಬಿಗಿದುಕೊಂಡಾಗ, ನಡುವೆ ಸಿಕ್ಕ ರಕ್ತನಾಳಗಳು ದಾರದಿಂದ ಗಂಟು ಹಾಕಿದಂತೆ ಮುಚ್ಚಿಹೋಗುತ್ತವೆ. ಗರ್ಭಕೋಶ ಬಿಗಿಯದೆ ಸಡಿಲವಾಗಿ ಉಳಿದರೆ, ಅಥವಾ ಒಳಗೆ ಮಾಸಿನ ಚೂರು ಸಿಕ್ಕಿಕೊಂಡು ಬಿಗಿಯಲು ಬಿಡದಿದ್ದರೆ, ತೆರೆದ ನಲ್ಲಿಯಂತೆ ರಕ್ತ ಹೋಗುತ್ತದೆ. ಆರೋಗ್ಯವಾಗಿದ್ದ ಹೆಂಗಸೂ ಒಂದೆರಡು ಗಂಟೆಯಲ್ಲಿ ಕೈಬಿಟ್ಟು ಹೋಗಬಹುದು. ಮೊದಲೇ ರಕ್ತಹೀನತೆ ಇದ್ದವಳಿಗೆ ಅಷ್ಟು ಹೊತ್ತೂ ಬೇಕಿಲ್ಲ. ಬಾಣಂತಿಯರ ಸಾವಿಗೆ ನಮ್ಮ ದೇಶದಲ್ಲಿ ಮುಖ್ಯ ಕಾರಣಗಳಲ್ಲಿ ಮೊದಲ ಸ್ಥಾನ ಈ ರಕ್ತಸ್ರಾವದ್ದೇ.

ಇದನ್ನು ತಡೆಯಲು ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಇದು ನಮ್ಮ ಮೆದುಳಿನಲ್ಲೇ ತಯಾರಾಗುವ ಹಾರ್ಮೋನಿನ ಪ್ರತಿರೂಪ. ಇದನ್ನು 1953ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿ ತೋರಿಸಿದ ಅಮೆರಿಕದ ವಿನ್ಸೆಂಟ್ ಡು ವಿನ್ಯೂ ಅವರಿಗೆ 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಮಗುವಿಗೆ ಬೇಗ ಮೊಲೆಯೂಡಿಸಿದರೆ ತಾಯಿಯ ದೇಹದಲ್ಲಿ ಇದೇ ಹಾರ್ಮೋನು ತಾನಾಗಿ ಹರಿದು ಗರ್ಭಕೋಶ ಬಿಗಿಯಲು ನೆರವಾಗುತ್ತದೆ. ಆದರೆ ಮೊಲೆಯೂಡಿಸಿದರೆ ಸಾಕು, ಇಂಜೆಕ್ಷನ್ ಬೇಡ ಎಂದು ತಿಳಿಯಬಾರದು.

ಮಾಸು ಬೇಗ ಬೀಳಲಿಲ್ಲವೆಂದು ಗಾಬರಿಯಿಂದ ಬಳ್ಳಿ ಹಿಡಿದು ಎಳೆಯುವುದು ಅತ್ಯಂತ ಅಪಾಯಕರ. ಬಳ್ಳಿ ಕಿತ್ತುಬರಬಹುದು, ಗರ್ಭಕೋಶವೇ ಒಳಮೈ ಹೊರಗಾಗಿ ಮಗುಚಿ ಬರಬಹುದು. ಗರ್ಭಕೋಶವನ್ನು ಒಂದು ಕೈಯಿಂದ ಹಿಡಿದಿಟ್ಟು ಬಳ್ಳಿಯನ್ನು ಮೆಲ್ಲಗೆ ಸೆಳೆಯುವ ಕ್ರಮವೊಂದಿದೆ. ಅದು ತರಬೇತಿ ಪಡೆದವರ ಕೆಲಸ. ಹಿಂದೆ ಕೆಲವೆಡೆ ಬಳ್ಳಿಗೆ ಭಾರ ಕಟ್ಟುತ್ತಿದ್ದರು, ಬಾಣಂತಿಯ ಬಾಯಿಗೆ ಕೂದಲು ತುರುಕಿ ಓಕರಿಕೆ ಬರಿಸುತ್ತಿದ್ದರು. ಇಂಥವನ್ನು ಎಂದಿಗೂ ಮಾಡಬಾರದು. ಅರ್ಧ ಗಂಟೆ ಕಳೆದರೂ ಮಾಸು ಬೀಳದಿದ್ದರೆ, ಅಥವಾ ಅದಕ್ಕೆ ಮೊದಲೇ ರಕ್ತ ಹೆಚ್ಚು ಹೋಗುತ್ತಿದ್ದರೆ, ಅರಿವಳಿಕೆ ಕೊಟ್ಟು ಮಾಸನ್ನು ಕೈಯಿಂದ ಬಿಡಿಸಿ ತೆಗೆಯಬೇಕಾಗುತ್ತದೆ. ಅದು ಆಪರೇಷನ್ ಸೌಲಭ್ಯ, ರಕ್ತದ ವ್ಯವಸ್ಥೆ ಇರುವ ಆಸ್ಪತ್ರೆಯಲ್ಲೇ ಆಗಬೇಕು. ಹಿಂದಿನ ಹೆರಿಗೆ ಸಿಸೇರಿಯನ್ ಆಗಿದ್ದವರಲ್ಲಿ ಕೆಲವೊಮ್ಮೆ ಮಾಸು ಹಳೆಯ ಹೊಲಿಗೆಯ ಜಾಗದಲ್ಲಿ ಆಳವಾಗಿ ಬೇರೂರಿ ಬಿಡಿಸಲಾಗದಂತೆ ಅಂಟಿಕೊಂಡಿರುತ್ತದೆ. ಅಂಥವರು ಸ್ಕ್ಯಾನಿಂಗ್ ಮಾಡಿಸಿ, ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆಗೆ ಮೊದಲೇ ಏರ್ಪಾಡು ಮಾಡಿಕೊಳ್ಳುವುದು ಲೇಸು.

ಕಣ್ಣಳತೆಯ ಮೋಸ, ಬೆಳಗಾವಿಯ ಪಾಠ

ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋಗುವುದು ಸಹಜ. ಅರ್ಧ ಲೀಟರ್ ದಾಟಿದರೆ ಅದನ್ನು ರಕ್ತಸ್ರಾವ ಎನ್ನುತ್ತಾರೆ. ಆದರೆ ಅರ್ಧ ಲೀಟರ್ ಆಯಿತೆಂದು ತಿಳಿಯುವುದು ಹೇಗೆ? ಬಟ್ಟೆಗೆ ಹೀರಿದ್ದೆಷ್ಟು, ನೆಲಕ್ಕೆ ಸೋರಿದ್ದೆಷ್ಟು ಎಂದು ಕಣ್ಣಳತೆಯಲ್ಲಿ ಹೇಳುವುದು ಅನುಭವಿಗಳಿಗೂ ಕಷ್ಟ.

ಈ ವಿಷಯದಲ್ಲಿ ನಮ್ಮ ಬೆಳಗಾವಿಯ ಹೆಸರು ಜಗತ್ತಿಗೇ ಪರಿಚಿತ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಹೋದ್ಯೋಗಿಗಳೊಡನೆ ಸೇರಿ, ತಾಯಿಯ ಕೆಳಗೆ ಹಾಸುವ, ಅಳತೆಯ ಗೆರೆಗಳುಳ್ಳ ಚೀಲವಿರುವ ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಳಸಿ ನೋಡಿದರು. ಕಣ್ಣಳತೆಯ ಅಂದಾಜು ನಿಜವಾದ ಅಳತೆಗಿಂತ 100ಕ್ಕೆ 33ರಷ್ಟು ಕಡಿಮೆ ಇರುವುದು ಕಂಡುಬಂತು. ಇದೇ ತಂಡ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಹೆತ್ತ 1,620 ತಾಯಂದಿರ ಮೇಲೆ ಇನ್ನೊಂದು ಅಧ್ಯಯನ ನಡೆಸಿತು. ಇಂಜೆಕ್ಷನ್ ಸಿಗದ ಕಡೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ನುಂಗಿಸಿದರೆ ರಕ್ತಸ್ರಾವ ತಪ್ಪೀತೇ ಎಂಬುದು ಪ್ರಶ್ನೆ. ಮಾತ್ರೆ ಕೊಟ್ಟವರು ಹಳ್ಳಿಯ ಕಿರಿಯ ಆರೋಗ್ಯ ಸಹಾಯಕಿಯರೇ. ಹುಸಿ ಮಾತ್ರೆ ಪಡೆದವರಲ್ಲಿ 100ಕ್ಕೆ 12 ಮಂದಿಗೆ ರಕ್ತಸ್ರಾವವಾದರೆ, ನಿಜವಾದ ಮಾತ್ರೆ ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದ ಈ ಫಲಿತಾಂಶ, ಫ್ರಿಜ್ಜು ಇಲ್ಲದ ಹಳ್ಳಿಗಳಲ್ಲಿ ತಾಯಂದಿರನ್ನು ಉಳಿಸುವ ದಾರಿಯೊಂದನ್ನು ತೋರಿಸಿತು. ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ತಂಪಿನಲ್ಲಿಡಬೇಕು, ಈ ಮಾತ್ರೆಗೆ ಆ ಕಟ್ಟುಪಾಡಿಲ್ಲ.

ಮುಂದೆ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಇಂಥದೇ ಅಳತೆಯ ಹಾಳೆ ಬಳಸಿ, ರಕ್ತ ಮಿತಿ ಮೀರಿದ ಕೂಡಲೇ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಶುರುಮಾಡಿದಾಗ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು 100ಕ್ಕೆ 60ರಷ್ಟು ತಗ್ಗಿದವು ಎಂದು 2023ರಲ್ಲಿ ವರದಿಯಾಯಿತು. ಅಂದರೆ ತಾಯಿಯ ಜೀವ ಉಳಿಯುವುದು ದೊಡ್ಡ ಯಂತ್ರಗಳಿಂದಷ್ಟೇ ಅಲ್ಲ, ಹೋದ ರಕ್ತವನ್ನು ಸರಿಯಾಗಿ ಗಮನಿಸುವುದರಿಂದ.

ಬಿದ್ದ ಮಾಸನ್ನು ನೋಡಬೇಕು

ಮಾಸು ಬಿದ್ದ ಮೇಲೂ ಕೆಲಸ ಮುಗಿಯದು. ಅದನ್ನು ಹರಡಿ, ಪೂರ್ತಿ ಬಂದಿದೆಯೇ ಎಂದು ನೋಡುತ್ತಾರೆ. ಗೋಡೆಗೆ ಅಂಟಿದ್ದ ಮುಖದಲ್ಲಿ 15ರಿಂದ 20 ಭಾಗಗಳು ಒಂದಕ್ಕೊಂದು ಹೊಂದಿಕೊಂಡು ಕಾಣಬೇಕು. ನಡುವೆ ಎಲ್ಲಾದರೂ ಗುಳಿ ಬಿದ್ದಿದ್ದರೆ ಆ ಚೂರು ಒಳಗೇ ಉಳಿದಿದೆ ಎಂದರ್ಥ. ಬಳ್ಳಿಯ ಕತ್ತರಿಸಿದ ಬಾಯಲ್ಲಿ ಮೂರು ನಾಳಗಳಿವೆಯೇ ಎಂದೂ ಎಣಿಸುತ್ತಾರೆ. ಎರಡೇ ಇದ್ದರೆ ಮಗುವಿನ ಮೂತ್ರಪಿಂಡ, ಹೃದಯ ಸರಿಯಾಗಿವೆಯೇ ಎಂದು ವೈದ್ಯರು ಇನ್ನಷ್ಟು ಗಮನವಿಟ್ಟು ಪರೀಕ್ಷಿಸುತ್ತಾರೆ. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಬಳ್ಳಿಯ ರಕ್ತದಿಂದಲೇ ಮಗುವಿನ ಗುಂಪನ್ನು ತಿಳಿಯಬಹುದು. ಮಗುವಿನದು ಪಾಸಿಟಿವ್ ಎಂದಾದರೆ ತಾಯಿಗೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಕೊಡಬೇಕು. ಇಲ್ಲವಾದರೆ ಮುಂದಿನ ಮಗುವಿಗೆ ತೊಂದರೆಯಾಗುವ ಸಂಭವವಿದೆ.

ಮಾಸು ಹೊರಹೋದೊಡನೆ ಅದು ತಯಾರಿಸುತ್ತಿದ್ದ ಹಾರ್ಮೋನುಗಳು ತಾಯಿಯ ರಕ್ತದಲ್ಲಿ ಇಳಿದುಹೋಗುತ್ತವೆ. ಎದೆಯಲ್ಲಿ ಹಾಲು ತುಂಬಿ ಇಳಿಯಲು ಇದೇ ಸನ್ನೆ. ಎರಡು ಮೂರು ದಿನಗಳಲ್ಲಿ ಎದೆ ಬಿಗಿದು ಹಾಲು ತುಂಬುವುದು ಇದರಿಂದಲೇ. ಮಾಸಿನ ಚೂರು ಒಳಗೆ ಉಳಿದವರಲ್ಲಿ ಹಾಲು ತಡವಾಗುವುದುಂಟು.

ಒಳಗಿನ ಅಂಗೈಯಗಲದ ಗಾಯ ಮಾಯಲು ಸುಮಾರು ಆರು ವಾರ ಬೇಕು. ಹೆರಿಗೆಯಾದಾಗ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಅಷ್ಟರಲ್ಲಿ 60 ಗ್ರಾಂಗೆ ಇಳಿದು ಮೊದಲಿನ ಸ್ಥಿತಿಗೆ ಬರುತ್ತದೆ. ಬಾಣಂತಿಗೆ ವಿಶ್ರಾಂತಿ ಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದರಲ್ಲಿ ಅರ್ಥವಿದೆ. ಹೊರಗೆ ಕಾಣದ ಗಾಯವೂ ಗಾಯವೇ ತಾನೆ? ಆದರೆ ವಿಶ್ರಾಂತಿಯ ಹೆಸರಿನಲ್ಲಿ ನೀರು ಕೊಡದಿರುವುದು, ಸೊಪ್ಪು ತರಕಾರಿ ಬಿಡಿಸುವುದು ಸರಿಯಲ್ಲ. ರಕ್ತ ಕಳೆದುಕೊಂಡವಳಿಗೆ ಊಟ ಹೆಚ್ಚು ಬೇಕು, ಕಬ್ಬಿಣದ ಮಾತ್ರೆಯೂ ಬೇಕು.

ಹೊಕ್ಕುಳು ಬೀಳುವವರೆಗೆ

ಮಗುವಿನ ಕಡೆ ಎರಡು ಮೂರು ಸೆಂಟಿಮೀಟರಿನಷ್ಟು ಬಳ್ಳಿ ಬಿಟ್ಟು, ಕ್ಲಿಪ್ಪು ಹಾಕಿ, ಉಳಿದದ್ದನ್ನು ಕತ್ತರಿಸುತ್ತಾರೆ. ಆ ತುಂಡಿಗೆ ಈಗ ರಕ್ತವಿಲ್ಲ. ಅದು ಒಣಗಿ, ಕಪ್ಪಾಗಿ, ಒಂದೆರಡು ವಾರದಲ್ಲಿ ತಾನಾಗಿ ಬೀಳುತ್ತದೆ. ಹೊರಗೆ ಬಿದ್ದರೂ ಒಳಗೆ ಅದರ ಗುರುತು ಉಳಿಯುತ್ತದೆ. ಶುದ್ಧ ರಕ್ತ ತರುತ್ತಿದ್ದ ನಾಳ, ಹೊಕ್ಕುಳಿನಿಂದ ಯಕೃತ್ತಿನವರೆಗೆ ಒಂದು ಹಗ್ಗದಂತೆ ಮಾರ್ಪಟ್ಟು ಬದುಕಿರುವವರೆಗೂ ಇರುತ್ತದೆ. ಈ ಅಂಕಣ ಓದುತ್ತಿರುವ ನಿಮ್ಮ ಹೊಟ್ಟೆಯೊಳಗೂ ಅದು ಇದೆ.

ತುಂಡು ಬೀಳುವವರೆಗೆ ನಾಳಗಳ ಬಾಯಿ ಪೂರ್ತಿ ಮುಚ್ಚಿರುವುದಿಲ್ಲ. ಆದ್ದರಿಂದ ಹೊಕ್ಕುಳು ರೋಗಾಣುಗಳಿಗೆ ತೆರೆದ ಬಾಗಿಲು. ಬೂದಿ, ಅರಿಸಿನ, ಹರಳೆಣ್ಣೆ, ಕಾಡಿಗೆ, ಸಗಣಿ ಇವನ್ನು ಹಚ್ಚುವ ಪದ್ಧತಿ ಕೆಲವು ಮನೆಗಳಲ್ಲಿತ್ತು. ಮಣ್ಣಿನಲ್ಲಿ, ಸಗಣಿಯಲ್ಲಿ ಧನುರ್ವಾಯುವಿನ ರೋಗಾಣುಗಳಿರುತ್ತವೆ. ಕುಡುಗೋಲಿನಿಂದಲೋ ಹಳೆಯ ಬ್ಲೇಡಿನಿಂದಲೋ ಬಳ್ಳಿ ಕತ್ತರಿಸಿದಾಗ, ಇಲ್ಲವೇ ಸಗಣಿ ಬೂದಿ ಮೆತ್ತಿದಾಗ ಅವು ಒಳಸೇರುತ್ತವೆ. ಎರಡು ದಿನ ಚೆನ್ನಾಗಿ ಹಾಲು ಕುಡಿದ ಮಗು ಅನಂತರ ಮೊಲೆ ಚೀಪಲಾರದು. ದವಡೆ ಕಚ್ಚಿಕೊಂಡು, ಮೈ ಬಿಲ್ಲಿನಂತೆ ಸೆಟೆಯುತ್ತದೆ. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಸಾವಿರಾರು ಹಸುಗೂಸುಗಳು ಹೀಗೆ ತೀರಿಕೊಳ್ಳುತ್ತಿದ್ದವು.

ಬಸುರಿಯರಿಗೆ ಧನುರ್ವಾಯುವಿನ ಚುಚ್ಚುಮದ್ದು, ಆಸ್ಪತ್ರೆಯಲ್ಲಿ ಹೆರಿಗೆ ಮತ್ತು ಐದು ಸ್ವಚ್ಛತೆಗಳ ಪ್ರಚಾರ ಈ ಪಿಡುಗನ್ನು ಹಿಮ್ಮೆಟ್ಟಿಸಿದವು. ಸ್ವಚ್ಛ ಕೈ, ಸ್ವಚ್ಛ ಹಾಸು, ಸ್ವಚ್ಛ ಬ್ಲೇಡು, ಸ್ವಚ್ಛ ದಾರ, ಸ್ವಚ್ಛ ಹೊಕ್ಕುಳು, ಇವೇ ಆ ಐದು. 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಪ್ರತಿ ಜಿಲ್ಲೆಯಲ್ಲೂ ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆ ಎಂಬುದು ಇದರ ಅರ್ಥ. ರೋಗಾಣು ಇಂದಿಗೂ ನಮ್ಮ ಹಿತ್ತಲಿನ ಮಣ್ಣಿನಲ್ಲೇ ಇದೆ. ಆದ್ದರಿಂದ ಚುಚ್ಚುಮದ್ದನ್ನು ತಪ್ಪಿಸಬೇಡಿ. ಹಿಂದಿನ ಟಿ.ಟಿ. ಬದಲು ಈಗ ಗಂಟಲುಮಾರಿಯನ್ನೂ ತಡೆಯುವ ಟಿ.ಡಿ. ಚುಚ್ಚುಮದ್ದು ಕೊಡುತ್ತಾರೆ. ಗರ್ಭ ನಿಂತದ್ದು ತಿಳಿದ ಕೂಡಲೇ ಒಂದು, ನಾಲ್ಕು ವಾರದ ನಂತರ ಇನ್ನೊಂದು.

ಹೊಕ್ಕುಳಿನ ಆರೈಕೆ ಬಹಳ ಸುಲಭ. ಏನನ್ನೂ ಹಚ್ಚಬೇಡಿ. ಮುಟ್ಟುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಲಂಗೋಟಿಯನ್ನು ಹೊಕ್ಕುಳಿನಿಂದ ಕೆಳಗೆ ಕಟ್ಟಿ, ಗಾಳಿಯಾಡಲಿ. ಮೂತ್ರ ತಾಗಿ ಒದ್ದೆಯಾದರೆ ಕಾಯಿಸಿ ಆರಿಸಿದ ನೀರಿನಿಂದ ಒರೆಸಿ, ಸ್ವಚ್ಛ ಬಟ್ಟೆಯಿಂದ ಒಣಗಿಸಿ. ಜೋತಾಡುತ್ತಿದೆಯೆಂದು ಕೀಳಬೇಡಿ. ಬೀಳುವ ದಿನ ಒಂದೆರಡು ತೊಟ್ಟು ರಕ್ತ ಕಂಡರೆ ಹೆದರಬೇಕಿಲ್ಲ.

ಮಾಸು ಎಲ್ಲಿಗೆ ಹೋಗುತ್ತದೆ?

ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಮಾಸನ್ನು ಹಿತ್ತಲಲ್ಲಿ ಹೂಳುತ್ತಿದ್ದರು. ನಾಯಿ ನರಿ ಕೆದಕದಂತೆ ಮೇಲೆ ಕಲ್ಲು ಹೇರುತ್ತಿದ್ದರು. ಬಿದ್ದ ಹೊಕ್ಕುಳಿನ ತುಂಡನ್ನು ತಾಯಿತದಲ್ಲಿಟ್ಟು ಮಗುವಿಗೆ ಕಟ್ಟುವವರೂ ಇದ್ದಾರೆ. ಆಳವಾಗಿ ಹೂಳುವುದರಲ್ಲಿ ತಪ್ಪೇನಿಲ್ಲ. ಇಂದಿನ ಕಾನೂನೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಆಸ್ಪತ್ರೆಗಳು ಮಾಸನ್ನು ಹಳದಿ ಚೀಲದಲ್ಲಿ ಹಾಕಿ, ದಹನ ಘಟಕಕ್ಕೆ ಕಳಿಸಬೇಕು. ಅಂಥ ಸೌಲಭ್ಯ ದೊರೆಯದ ದೂರದ ಊರುಗಳಲ್ಲಿ ಸುಮಾರು ಎರಡು ಮೀಟರ್ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಚರಂಡಿಗೆ, ತಿಪ್ಪೆಗೆ ಎಸೆಯುವುದು ಅಪರಾಧ. ನಿಮ್ಮ ಆಸ್ಪತ್ರೆಯಲ್ಲಿ ಇದು ಸರಿಯಾಗಿ ನಡೆಯುತ್ತಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಬಳ್ಳಿಯ ರಕ್ತದ ಬ್ಯಾಂಕು

ಬಳ್ಳಿಯಲ್ಲಿ ಉಳಿದ ರಕ್ತವನ್ನು ಶೇಖರಿಸಿಡಿ, ಮುಂದೆ ಮಗುವಿಗೆ ಕಾಯಿಲೆ ಬಂದರೆ ಅದೇ ಸಂಜೀವಿನಿ ಎಂಬ ಜಾಹೀರಾತುಗಳನ್ನು ನೀವು ನೋಡಿರಬಹುದು. ಆ ರಕ್ತದಲ್ಲಿ ಬೇರೆ ಬೇರೆ ರಕ್ತಕಣಗಳಾಗಿ ಬೆಳೆಯಬಲ್ಲ ಆಕರ ಕೋಶಗಳಿರುವುದು ನಿಜ. 1988ರಲ್ಲಿ ಪ್ಯಾರಿಸ್ಸಿನಲ್ಲಿ ಎಲಿಯಾನ್ ಗ್ಲುಕ್‌ಮನ್ ಎಂಬ ವೈದ್ಯೆ, ರಕ್ತದ ಅಪರೂಪದ ಕಾಯಿಲೆಯಿದ್ದ ಬಾಲಕನಿಗೆ ಅವನ ತಂಗಿಯ ಬಳ್ಳಿಯ ರಕ್ತ ಕೊಟ್ಟು ಗುಣಪಡಿಸಿದರು. ಅಲ್ಲಿಂದೀಚೆಗೆ ಸಾವಿರಾರು ಮಂದಿಗೆ ಈ ಚಿಕಿತ್ಸೆ ದೊರೆತಿದೆ.

ಆದರೆ ಗಮನಿಸಿ, ಅದು ಅವನದೇ ರಕ್ತವಾಗಿರಲಿಲ್ಲ, ತಂಗಿಯದು. ಹುಟ್ಟಿನಿಂದಲೇ ಬಂದ ರಕ್ತದ ಕಾಯಿಲೆಯಾದರೆ ಮಗುವಿನ ಬಳ್ಳಿಯ ರಕ್ತದಲ್ಲೂ ಅದೇ ದೋಷ ಇರುತ್ತದೆ. ಮುಂದೆ ಸ್ವಂತಕ್ಕೆ ಬೇಕಾದೀತು ಎಂದು ಬಳ್ಳಿಯ ರಕ್ತವನ್ನು ಕಾಪಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಮನೆಯಲ್ಲಿ ಈಗಾಗಲೇ ಇಂಥ ಚಿಕಿತ್ಸೆ ಬೇಕಾದ ಮಗುವಿದ್ದರೆ ಮಾತ್ರ ವೈದ್ಯರೊಡನೆ ಚರ್ಚಿಸಿ. ಉಳಿದವರು ಸಾಲ ಮಾಡಿ ಹಣ ಕಟ್ಟುವ ಅಗತ್ಯವಿಲ್ಲ. ಹೆಚ್ಚು ರಕ್ತ ಶೇಖರಿಸಲೆಂದು ಬಳ್ಳಿಯನ್ನು ಬೇಗ ಕತ್ತರಿಸಲಂತೂ ಬಿಡಬೇಡಿ. ಆ ರಕ್ತಕ್ಕೆ ಅತ್ಯುತ್ತಮ ಬ್ಯಾಂಕು ಮಗುವಿನ ಮೈಯೇ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಬಳ್ಳಿ ಕೊರಳಿಗೆ ಸುತ್ತಿಕೊಂಡು ಹುಟ್ಟಿದರೆ ಸೋದರಮಾವನಿಗೆ ಕೇಡೇ? ಇಲ್ಲ. ನಾಲ್ಕೈದು ಮಕ್ಕಳಲ್ಲಿ ಒಂದರ ಕೊರಳಿಗೆ ಬಳ್ಳಿ ಸುತ್ತಿಕೊಂಡಿರುತ್ತದೆ. ಮಗು ಗರ್ಭದಲ್ಲಿ ಹೊರಳಾಡುವುದೇ ಕಾರಣ. ಬಹುಪಾಲು ಹೆರಿಗೆಗಳಲ್ಲಿ ಅದನ್ನು ಸುಲಭವಾಗಿ ಬಿಡಿಸಬಹುದು. ಮಾವನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಮಗು ಅತ್ತಾಗ ಹೊಕ್ಕುಳು ಉಬ್ಬುತ್ತದೆ, ನಾಣ್ಯ ಇಟ್ಟು ಕಟ್ಟಬಹುದೇ? ಬೇಡ. ಚರ್ಮ ಹುಣ್ಣಾದೀತು. ಇಂಥ ಉಬ್ಬು ಹೆಚ್ಚಿನ ಮಕ್ಕಳಲ್ಲಿ ಬೆಳೆದಂತೆ ತಾನೇ ಸರಿಹೋಗುತ್ತದೆ. ಉಬ್ಬು ಗಟ್ಟಿಯಾಗಿ, ಒಳಗೆ ಹೋಗದೆ, ಮಗು ವಾಂತಿ ಮಾಡಿದರೆ ತಕ್ಷಣ ವೈದ್ಯರಿಗೆ ತೋರಿಸಿ.

ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೆರಿಗೆಯಾದರೆ? 108ಕ್ಕೆ ಫೋನ್ ಮಾಡಿ. ಮಗುವನ್ನು ಒರೆಸಿ ತಾಯಿಯ ಎದೆಗೆ ಹಾಕಿ, ಇಬ್ಬರಿಗೂ ಹೊದಿಸಿ. ಸ್ವಚ್ಛ ಸಾಧನವಿಲ್ಲದಿದ್ದರೆ ಬಳ್ಳಿಯನ್ನು ಕತ್ತರಿಸಲೇಬೇಡಿ, ಎಳೆಯಲೂ ಬೇಡಿ. ಮಾಸು ಬಿದ್ದರೆ ಚೀಲದಲ್ಲಿ ಹಾಕಿ ಮಗುವಿನ ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ವೈದ್ಯರು ಅದನ್ನು ಪರೀಕ್ಷಿಸಬೇಕು.

ಯಾವಾಗ ತಡಮಾಡಬಾರದು? ಬಾಣಂತಿಯ ಬಟ್ಟೆ ಅಥವಾ ಪ್ಯಾಡು ಗಂಟೆಯೊಳಗೆ ತೊಯ್ದುಹೋದರೆ, ದೊಡ್ಡ ಹೆಪ್ಪುಗಳು ಬಿದ್ದರೆ, ತಲೆಸುತ್ತು ಬಂದರೆ, ಜ್ವರವಿದ್ದರೆ, ಸ್ರಾವ ದುರ್ವಾಸನೆ ಬಂದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೆರಿಗೆಯಾಗಿ ಎರಡು ಮೂರು ವಾರವಾಗಿದ್ದರೂ ಇದು ಅನ್ವಯಿಸುತ್ತದೆ. ಮಗುವಿನ ಹೊಕ್ಕುಳಿನ ಸುತ್ತ ಚರ್ಮ ಕೆಂಪಾದರೆ, ಕೀವು ಬಂದರೆ, ನಾತ ಹೊಡೆದರೆ, ರಕ್ತ ನಿಲ್ಲದಿದ್ದರೆ, ಮಗು ಮೊಲೆ ಚೀಪದಿದ್ದರೆ, ಮೈ ಬಿಸಿಯಾದರೆ ಇಲ್ಲವೇ ತಣ್ಣಗಾದರೆ ಕಾಯಬೇಡಿ. ಮೂರು ವಾರ ಕಳೆದರೂ ತುಂಡು ಬೀಳದಿದ್ದರೆ ತೋರಿಸಿ.

ಬೆಂಚಿನ ಮೇಲೆ ಕುಳಿತವರಿಗೆ

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರು ನೀವು ಕೇಳಿರುತ್ತೀರಿ. ಆಸ್ಪತ್ರೆಗಳಿಲ್ಲದ ಊರುಗಳಲ್ಲಿ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದಾರೆಂದು ಹೆಸರಾದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಈಗ ಕರ್ನಾಟಕದಲ್ಲಿ 100ಕ್ಕೆ ಸುಮಾರು 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆದರೂ ರಕ್ತಸ್ರಾವದಿಂದ ಬಾಣಂತಿಯರು ಸಾಯುವುದು ನಿಂತಿಲ್ಲ. ಆಸ್ಪತ್ರೆಯ ಬಾಗಿಲೊಳಗೆ ಬಂದರಷ್ಟೇ ಸಾಲದು, ಮಗು ಹುಟ್ಟಿದ ಮೇಲೂ ತಾಯಿಯ ಮೇಲೆ ಕಣ್ಣಿರಬೇಕು.

ಆದ್ದರಿಂದ ಮುಂದಿನ ಸಲ ಹೆರಿಗೆ ಕೋಣೆಯ ಹೊರಗೆ ಕಾಯುವಾಗ, ಕೂಸಿನ ಅಳು ಕೇಳಿದ ಮೇಲೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರಿ. ಬಾಗಿಲು ತೆರೆದು ಬಂದ ದಾದಿಯನ್ನು 'ಗಂಡೋ ಹೆಣ್ಣೋ' ಎಂದು ಕೇಳುವ ಮೊದಲು ಇಷ್ಟು ಕೇಳಿ: 'ಮಾಸು ಬಿತ್ತೇ ಸಿಸ್ಟರ್? ಪೂರ್ತಿ ಬಂದಿದೆಯೇ? ರಕ್ತ ಹೋಗುವುದು ಹತೋಟಿಯಲ್ಲಿದೆಯೇ?' ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕ ಮೇಲೆ ಸಿಹಿ ತರಲು ಹೊರಡಿ.